ವಿಎಂ ಅಳಿಸಬೇಡಿ, ಮೊದಲು ಎಲ್ಲಿ ನಿಂತಿದೆ ನೋಡಿ

ಶಿರಸಿಯಲ್ಲಿ ಕರೆಂಟು ಹೋಗಿ ಬಂದ ಮೇಲೆ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್, ಅಂದರೆ ವಿಎಂ, ಓಡಿಸುವ ಸಾಫ್ಟ್‌ವೇರ್) ಹಾಕಿದ ಉಬುಂಟು ಲಿನಕ್ಸ್ ಲೋಗೋದಲ್ಲೇ ನಿಂತಿದೆ, ಅಳಿಸಿ ಹೊಸದಾಗಿ ಹಾಕಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ. ವಿಎಂ ಆಫ್ ಮಾಡಿ ಮೊದಲು ಸ್ನ್ಯಾಪ್‌ಶಾಟ್ (ಎಡವಟ್ಟಾದರೆ ಈಗಿನ ಸ್ಥಿತಿಗೇ ಮರಳಲು) ತೆಗೆದಿಡಿ. ಆನ್ ಆಗುವಾಗ ಶಿಫ್ಟ್ ಒತ್ತಿ ಹಿಡಿದರೆ (ವಿಎಂ ಸೆಟ್ಟಿಂಗ್‌ನಲ್ಲಿ ಇಎಫ್‌ಐ ಆನ್ ಇದ್ದರೆ ಎಸ್ಕೇಪ್) ಗ್ರಬ್ ಮೆನು, ಅಂದರೆ ಉಬುಂಟು ಶುರುವಾಗುವ ಮೊದಲಿನ ಆಯ್ಕೆಪಟ್ಟಿ, ಬರುತ್ತದೆ. ಅಲ್ಲಿ 'ಇ' (e) ಒತ್ತಿ, 'ಲಿನಕ್ಸ್' (linux) ಅಂತ ಶುರುವಾಗುವ ಸಾಲಿನಿಂದ 'ಕ್ವಯಟ್ ಸ್ಪ್ಲ್ಯಾಶ್' (quiet splash) ತೆಗೆದು ಎಫ್10 ಒತ್ತಿ. ಈಗ ಲೋಗೋ ಹಿಂದೆ ಅಡಗಿದ್ದ ಸಂದೇಶಗಳೆಲ್ಲ ಕಾಣುತ್ತವೆ.

ಯಾವುದೋ ಡಿಸ್ಕಿಗಾಗಿ 1 ನಿಮಿಷ 30 ಸೆಕೆಂಡು ಕಾಯುತ್ತಿದ್ದರೆ ಶುರುವಾಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಸ್ಟ್ಯಾಬ್ (fstab) ಫೈಲಿನಲ್ಲಿ ಹಳೇ ಡಿಸ್ಕಿನ ಸಾಲು ಉಳಿದಿರಬಹುದು. ಆದರೆ ನಿಮ್ಮ ಕಥೆ ಕೇಳಿದರೆ 'ಇನಿಟ್‌ರಾಮ್‌ಎಫ್‌ಎಸ್' (initramfs) ಪ್ರಾಂಪ್ಟ್, ಅಂದರೆ ಡಿಸ್ಕ್ ತೆರೆಯಲಾಗದೆ ನಿಂತು ಕಮಾಂಡ್ ಕೇಳುವ ಸಾಲು, ಬರೋ ಸಾಧ್ಯತೆಯೇ ಜಾಸ್ತಿ. ಬಂದರೆ, ಅದು ಹೆಸರಿಸುವ ಪಾರ್ಟಿಶನ್ (ಡಿಸ್ಕಿನ ಭಾಗ) ಮೇಲೆ ಡಿಸ್ಕ್ ದೋಷ ಸರಿಪಡಿಸುವ ಎಫ್‌ಎಸ್‌ಸಿಕೆ (fsck) ಕಮಾಂಡ್ ಓಡಿಸಿ, ಕೇಳಿದ್ದಕ್ಕೆಲ್ಲ 'ವೈ' ಒತ್ತಿ, ರೀಬೂಟ್ ಮಾಡಿ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ವಿಎಂ ಓಡಿಸೋದು ದೊಡ್ಡ ಧೈರ್ಯವೇ ಬಿಡಿ!