ಮನಶ್ಶಾಸ್ತ್ರ ಪ್ರಶ್ನೋತ್ತರ: ಲೆಕ್ಕಕ್ಕೆ ಕೂರುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು. ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂದಿದೆ ಎಂಬುದು ಪ್ರಶ್ನೆಗಳಲ್ಲೇ ಗೊತ್ತಾಗುತ್ತದೆ.

ತರಗತಿಯ ಹತ್ತು ಮಂದಿಗೆ 15 ಪದಗಳ ಪಟ್ಟಿ ತೋರಿಸಿ, ನೆನಪಿದ್ದಷ್ಟನ್ನು ಬರೆಸಿದೆ. ಮೊದಲು ಸದ್ದಿಲ್ಲದ ಕೋಣೆಯಲ್ಲಿ. ಆಮೇಲೆ ಬೇರೆ ಪಟ್ಟಿ ಕೊಟ್ಟು, ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಿ. ಸದ್ದಿಲ್ಲದಾಗ ಬಂದ ಅಂಕ: 11, 9, 7, 12, 6, 10, 8, 11, 7, 9. ಹಾಡಿನ ಜೊತೆ, ಅದೇ ಕ್ರಮದಲ್ಲಿ: 9, 8, 7, 9, 7, 8, 7, 9, 7, 7. ಟಿ ಪರೀಕ್ಷೆ (ಎರಡು ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಲೆಕ್ಕ) ಮಾಡಿದರೆ 1.72 ಬಂತು. ವ್ಯತ್ಯಾಸವೇ ಇಲ್ಲ ಎಂದು ಬರೆಯಬೇಕೆ?
ದ್ವಿತೀಯ ಬಿ.ಎ. ವಿದ್ಯಾರ್ಥಿನಿ, ಹಾಸನ

ನಿಮ್ಮ ಕೂಡು-ಕಳೆ ಸರಿಯಾಗಿದೆ, ಆರಿಸಿಕೊಂಡ ಪರೀಕ್ಷೆ ತಪ್ಪಿದೆ. 1.72 ಬರುವುದು ಎರಡು ಗುಂಪಿನಲ್ಲೂ ಬೇರೆ ಬೇರೆ ಜನರಿದ್ದಾಗ ಬಳಸುವ ಟಿ ಪರೀಕ್ಷೆಯಲ್ಲಿ. ನಿಮ್ಮಲ್ಲಿ ಎರಡೂ ಸಲ ಬರೆದವರು ಅದೇ ಹತ್ತು ಮಂದಿ. ಒಬ್ಬೊಬ್ಬರ ನೆನಪಿನ ಶಕ್ತಿಯೂ ಒಂದೊಂದು ತರಹ. ಆ ಏರುಪೇರನ್ನೆಲ್ಲ ನೀವು ಛೇದದೊಳಗೆ ಸೇರಿಸಿಬಿಟ್ಟಿದ್ದೀರಿ, ಹಾಡಿನ ಪರಿಣಾಮ ಅದರಡಿ ಮುಚ್ಚಿಹೋಗಿದೆ. ಇಲ್ಲಿ ಬೇಕಾದದ್ದು ಜೋಡಿ ಟಿ ಪರೀಕ್ಷೆ.

ಮಾಡುವ ಕ್ರಮ ಹೀಗೆ. ಪ್ರತಿಯೊಬ್ಬರ ಮೊದಲ ಅಂಕದಿಂದ ಎರಡನೆಯದನ್ನು ಕಳೆಯಿರಿ: 2, 1, 0, 3, −1, 2, 1, 2, 0, 2. ಮೊತ್ತ 12, ಸರಾಸರಿ 1.2. ಒಂದೊಂದು ವ್ಯತ್ಯಾಸದಿಂದಲೂ 1.2 ಕಳೆದು, ವರ್ಗ ಮಾಡಿ, ಕೂಡಿದರೆ 13.6. ಅದನ್ನು 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.23, ಇದು ವ್ಯತ್ಯಾಸಗಳ ಮಾನಕ ವಿಚಲನೆ. ಇದನ್ನು 10ರ ವರ್ಗಮೂಲದಿಂದ, ಅಂದರೆ 3.16ರಿಂದ ಭಾಗಿಸಿ: 0.39. ಈಗ 1.2ನ್ನು 0.39ರಿಂದ ಭಾಗಿಸಿದರೆ ಟಿ ಸುಮಾರು 3.09. ಟೇಬಲ್‌ನಲ್ಲಿ ಡಿಎಫ್ (ಸ್ವಾತಂತ್ರ್ಯ ಮಟ್ಟ, ಇಲ್ಲಿ ಜನರ ಸಂಖ್ಯೆಗಿಂತ ಒಂದು ಕಡಿಮೆ) 9ರ ಎದುರು, 0.05 ಮಟ್ಟಕ್ಕೆ 2.262 ಇದೆ. ನಿಮ್ಮದು ಅದನ್ನು ದಾಟಿದೆ. ವರದಿಯಲ್ಲಿ ಟಿ ಮೌಲ್ಯ ಒಂದನ್ನೇ ಬರೆದು ನಿಲ್ಲಿಸಬೇಡಿ. ಸರಾಸರಿ ವ್ಯತ್ಯಾಸ 1.2 ಪದ, 95% ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) 0.32ರಿಂದ 2.08 ಎಂದೂ ಬರೆಯಿರಿ. ಎಷ್ಟು ಪದ ಕಡಿಮೆಯಾಯಿತು ಎಂಬುದು ಓದುವವರಿಗೆ ಅರ್ಥವಾಗುವುದು ಅದರಿಂದಲೇ.

ಇಷ್ಟಾದರೂ ‘ಹಾಡಿನಿಂದ ನೆನಪು ಕುಗ್ಗುತ್ತದೆ’ ಎಂದು ನೀವು ಬರೆಯುವಂತಿಲ್ಲ. ಎಲ್ಲರಿಗೂ ಸದ್ದಿಲ್ಲದ ಸರದಿ ಮೊದಲು, ಹಾಡಿನ ಸರದಿ ಆಮೇಲೆ. ಎರಡನೆಯ ಸಲಕ್ಕೆ ಮಕ್ಕಳು ದಣಿದಿರುತ್ತಾರೆ, ಮೊದಲ ಪಟ್ಟಿಯ ಪದಗಳು ತಲೆಯಲ್ಲಿ ಉಳಿದು ಹೊಸ ಪದಗಳಿಗೆ ಅಡ್ಡ ಬರುತ್ತವೆ. ಎರಡನೆಯ ಪಟ್ಟಿಯೇ ಕಷ್ಟದ್ದಾಗಿದ್ದರೂ ಇದೇ ಫಲಿತಾಂಶ ಬರುತ್ತಿತ್ತು. ಹಾಡು, ಸರದಿ, ಪಟ್ಟಿ ಮೂರೂ ಒಟ್ಟಿಗೇ ಬದಲಾಗಿವೆ. ಯಾವುದರಿಂದ ಏನಾಯಿತೆಂದು ಯಾವ ಸೂತ್ರವೂ ಬಿಡಿಸಿ ಹೇಳಲಾರದು.

ಸಮಯವಿದ್ದರೆ ಇನ್ನೊಮ್ಮೆ ಮಾಡಿ. 20 ಮಂದಿಯನ್ನು ಚೀಟಿ ಎತ್ತಿ ಐದೈದರ ನಾಲ್ಕು ಗುಂಪು ಮಾಡಿಕೊಳ್ಳಿ. ಎರಡು ಗುಂಪಿಗೆ ಹಾಡು ಮೊದಲು, ಎರಡಕ್ಕೆ ಆಮೇಲೆ; ಆ ಎರಡೆರಡರಲ್ಲೂ ಒಂದು ಗುಂಪಿಗೆ ಹಾಡಿನ ಜೊತೆ ಮೊದಲ ಪಟ್ಟಿ, ಇನ್ನೊಂದಕ್ಕೆ ಎರಡನೆಯ ಪಟ್ಟಿ. ಪದಗಳು ಎರಡು-ಮೂರು ಅಕ್ಷರದ ನಾಮಪದಗಳಾಗಿರಲಿ: ಹಗ್ಗ, ಕಿಟಕಿ, ದೋಣಿ, ಬಟ್ಟಲು. ಒಂದಕ್ಕೊಂದು ನಂಟಿರುವ ಪದ ಬೇಡ. ‘ಕಾಫಿ’ ಮತ್ತು ‘ಚಿಕೋರಿ’ ಒಂದೇ ಪಟ್ಟಿಯಲ್ಲಿದ್ದರೆ ನಮ್ಮ ಕಡೆಯವರಿಗೆ ಒಂದು ಇನ್ನೊಂದನ್ನು ಎಳೆದು ತರುತ್ತದೆ. ಪದಕ್ಕೆ ಎರಡು ಸೆಕೆಂಡ್. ಪಟ್ಟಿ ಮುಗಿದ ಕೂಡಲೇ ಬರೆಸಿದರೆ ಕೊನೆಯ ಪದಗಳು ಸುಮ್ಮನೆ ಬಂದುಬಿಡುತ್ತವೆ. ಅದಕ್ಕೇ 30 ಸೆಕೆಂಡ್ 200ರಿಂದ ಮೂರು ಮೂರು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳಿ, ಆಮೇಲೆ ಬರೆಸಿ. ‘ಕಿಟಕಿ’ ಬದಲು ‘ಕಿಟಕಿಗಳು’ ಬರೆದರೆ ಅಂಕ ಕೊಡಬೇಕೆ ಎಂಬುದನ್ನು ಉತ್ತರ ಪತ್ರಿಕೆ ನೋಡುವ ಮುಂಚೆಯೇ ತೀರ್ಮಾನಿಸಿ ಬರೆದಿಡಿ.

ಇನ್ನೊಂದು. ಮೊದಲು 12 ತೆಗೆದವರು 9ಕ್ಕೆ ಇಳಿದಿದ್ದಾರೆ, 6 ತೆಗೆದವರು 7ಕ್ಕೆ ಏರಿದ್ದಾರೆ. ‘ಜಾಣರಿಗೆ ಹಾಡಿನಿಂದ ಹೆಚ್ಚು ತೊಂದರೆ’ ಎಂದು ಬರೆಯುವ ಆಸೆ ಆದೀತು, ಬೇಡ. ಒಮ್ಮೆ ತೀರಾ ಹೆಚ್ಚು ಬಂದ ಅಂಕ ಮುಂದಿನ ಸಲ ಸರಾಸರಿಯ ಕಡೆ ಸರಿಯುವುದು, ತೀರಾ ಕಡಿಮೆಯದು ಮೇಲೇರುವುದು ಎಲ್ಲ ಅಳತೆಯಲ್ಲೂ ಇದ್ದದ್ದೇ.

ಪಿ ಮೌಲ್ಯ 0.03 ಬಂದರೆ ನಮ್ಮ ಊಹೆ ಶೇಕಡ 97ರಷ್ಟು ಸರಿ ಎಂದು ಅರ್ಥವೆ?
ಅರಸೀಕೆರೆ

ಅಲ್ಲ. ನಿಜಕ್ಕೂ ಯಾವ ವ್ಯತ್ಯಾಸವೂ ಇಲ್ಲದಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣಿಸುವ ಸಂಭವ ನೂರಕ್ಕೆ ಮೂರು. ಪಿ ಮೌಲ್ಯ ಹೇಳುವುದು ಅಷ್ಟನ್ನೇ. ಊಹೆ ನಿಜವಾಗಿರುವ ಸಂಭವವನ್ನು ಅದು ಅಳೆಯುವುದಿಲ್ಲ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಇದನ್ನೇ ಸ್ಪಷ್ಟಪಡಿಸಿ ಹೇಳಿಕೆ ಹೊರಡಿಸಿತು. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯತ್ನದಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿದರು. ಮೂಲದಲ್ಲಿ ಶೇಕಡ 97 ಅಧ್ಯಯನಗಳ ಫಲಿತಾಂಶ 0.05ರ ಗೆರೆಯೊಳಗಿತ್ತು, ಮರುಪ್ರಯೋಗದಲ್ಲಿ ಹಾಗೆ ಬಂದದ್ದು ಶೇಕಡ 36.

ಎಂ.ಎ. ಪ್ರಾಜೆಕ್ಟಿಗೆ ಕಾಫಿ ತೋಟದ ಕೂಲಿ ಕಾರ್ಮಿಕರ ಮಾನಸಿಕ ಒತ್ತಡ, ಕುಡಿತದ ಅಭ್ಯಾಸದ ಬಗ್ಗೆ ಪ್ರಶ್ನಾವಳಿ ಮಾಡುತ್ತಿದ್ದೇನೆ. ತೋಟದ ಮಾಲೀಕರು ಒಪ್ಪಿದ್ದಾರೆ, ಹಾಜರಿ ಬರೆಯುವ ರೈಟರ್ ಎಲ್ಲರನ್ನೂ ಸೇರಿಸಿ ಕೊಡುತ್ತೇನೆ ಎಂದಿದ್ದಾರೆ. ಹೆಚ್ಚಿನವರಿಗೆ ಓದು ಬರಹ ಬಾರದು. ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಕೆ?
ಮೂಡಿಗೆರೆ

ಸಾಲದು. ಮಾಲೀಕರು ಕೊಟ್ಟಿರುವುದು ತೋಟದೊಳಗೆ ಕಾಲಿಡುವ ಅನುಮತಿ. ಕಾರ್ಮಿಕರ ಒಪ್ಪಿಗೆಯನ್ನು ಅವರ ಪರವಾಗಿ ಕೊಡುವ ಅಧಿಕಾರ ಮಾಲೀಕರಿಗಿಲ್ಲ. ಹಾಜರಿ ಹಾಕುವ ಕೈಯೇ ಜನರನ್ನು ಸಾಲಾಗಿ ನಿಲ್ಲಿಸಿದರೆ ‘ಒಲ್ಲೆ’ ಎನ್ನುವ ಧೈರ್ಯ ಯಾರಿಗಿದ್ದೀತು? ಒಲ್ಲೆ ಎನ್ನಲು ಆಗದ ಕಡೆ ಒಪ್ಪಿಗೆಗೂ ಬೆಲೆಯಿಲ್ಲ.

ಇದು ಕಾಗದದ ಶಾಸ್ತ್ರ ಎಂದು ದಯವಿಟ್ಟು ಎಣಿಸಬೇಡಿ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಇದ್ದ 399 ಬಡ ಕಪ್ಪು ಜನಾಂಗದ ಗಂಡಸರಿಗೆ ಕಾಯಿಲೆ ಏನೆಂದು ತಿಳಿಸದೆ, ಪೆನಿಸಿಲಿನ್ ಬಂದ ಮೇಲೂ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಕೂತರು. ಬಡವರು, ಇನ್ನೊಬ್ಬರ ಆಸರೆಯಲ್ಲಿ ಇದ್ದವರು, ಪ್ರಶ್ನಿಸದವರು ಸುಲಭವಾಗಿ ಸಿಕ್ಕಿದರು ಎಂಬುದೇ ಅಲ್ಲಿ ನಡೆದದ್ದರ ಬೇರು. ಆ ಪ್ರಕರಣ ಹೊರಬಿದ್ದ ನಂತರ 1979ರಲ್ಲಿ ಬಂದ ಬೆಲ್ಮಾಂಟ್ ವರದಿ ಮೂರು ತತ್ವ ಹೇಳಿತು: ವ್ಯಕ್ತಿಗೆ ಗೌರವ, ಒಳಿತು, ನ್ಯಾಯ. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೂ ಈ ನೆಲೆಯದೇ. ಹಾಗಾಗಿ ಮೊದಲು ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ. ಅದು ಕೈಗೆ ಬಂದ ಮೇಲೆ ತೋಟಕ್ಕೆ ಹೋಗಿ.

ಹೊತ್ತು ಮುಖ್ಯ. ಹಣ್ಣು ಕೊಯ್ಲಿನ ಕಾಲದಲ್ಲಿ ಬಹಳ ಕಡೆ ಕೂಲಿ ಕಿಲೋ ಲೆಕ್ಕದ್ದು. ಗಿಡದ ಬುಡದಲ್ಲಿ ನಿಲ್ಲಿಸಿ 25 ನಿಮಿಷ ಮಾತಾಡಿಸಿದರೆ ಅಷ್ಟು ಕೂಲಿ ಕಿತ್ತುಕೊಂಡಂತೆ. ಸಂಜೆ ತೂಕ ಮುಗಿದ ಮೇಲೆ ಅಥವಾ ವಾರದ ರಜೆಯ ದಿನ, ಕಾರ್ಮಿಕರ ಲೈನ್ ಮನೆಯ ಹತ್ತಿರ, ರೈಟರ್ ಮತ್ತು ಮೇಸ್ತ್ರಿ ಇಲ್ಲದ ಕಡೆ, ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ಗಂಡ ಅಥವಾ ಅತ್ತೆ ಪಕ್ಕದಲ್ಲಿದ್ದರೆ ಕುಡಿತದ ಪ್ರಶ್ನೆಗೆ ಹೆಣ್ಣುಮಕ್ಕಳಿಂದ ನಿಜವಾದ ಉತ್ತರ ಬರುವುದಿಲ್ಲ; ಬಂದರೂ ಆ ರಾತ್ರಿ ಅವರಿಗೇ ಕಷ್ಟ.

ಒಪ್ಪಿಗೆಯ ಮಾತು ಅವರ ಮಾತಿನಂತೆಯೇ ಇರಲಿ. ಹೆಚ್ಚುಕಡಿಮೆ ಹೀಗೆ: “ಅಕ್ಕ, ನಾನು ಕಾಲೇಜಲ್ಲಿ ಓದ್ತಿದ್ದೀನಿ. ಕೆಲಸ, ನಿದ್ದೆ, ಮನಸ್ಸಿನ ಬೇಜಾರು, ಕುಡಿತ, ಇದರ ಬಗ್ಗೆ 20 ಪ್ರಶ್ನೆ ಕೇಳ್ತೀನಿ, ಅರ್ಧ ಗಂಟೆ ಒಳಗೆ ಮುಗಿಯುತ್ತೆ. ಇದರಿಂದ ನಿಮಗೆ ದುಡ್ಡಾಗಲಿ ಸವಲತ್ತಾಗಲಿ ಬರಲ್ಲ. ನೀವು ಹೇಳಿದ್ದನ್ನ ಸಾಹುಕಾರ್ರಿಗೂ ರೈಟರಿಗೂ ಹೇಳಲ್ಲ. ಬೇಡ ಅನ್ನಿಸಿದ್ರೆ ಬೇಡ ಅನ್ನಿ, ಮಧ್ಯದಲ್ಲಿ ನಿಲ್ಲಿಸು ಅಂದ್ರೂ ನಿಲ್ಲಿಸ್ತೀನಿ.” ಆಮೇಲೆ, ತೋಟದ ಆಡಳಿತಕ್ಕೆ ಸೇರದ, ಓದು ಬರುವ ಒಬ್ಬರು ಸಾಕ್ಷಿಯಾಗಿದ್ದು, ಓದಿ ಹೇಳಿದ್ದು ನಿಜ ಎಂದು ಸಹಿ ಹಾಕಬೇಕು. ಹೆಬ್ಬೆಟ್ಟು ಅದರ ಜೊತೆಗೆ. ಸಾಕ್ಷಿ ಒಪ್ಪಿಗೆಯ ತನಕ ಮಾತ್ರ, ಪ್ರಶ್ನೆಗಳ ಹೊತ್ತಿಗೆ ಎದ್ದು ಹೋಗಬೇಕು. ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರಿದ್ದರೆ ಅವರ ಭಾಷೆ ಬಲ್ಲವರನ್ನು ಕರೆದೊಯ್ಯಿರಿ. ಅದಾಗದಿದ್ದರೆ ಅವರನ್ನು ಬಿಡಿ, ಬಿಟ್ಟಿದ್ದನ್ನು ವರದಿಯಲ್ಲಿ ಹೇಳಿ. ಕೈಸನ್ನೆಯಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ.

ಬರೆಯುವಾಗ ಬಹಳ ಮಂದಿ ಎಡವುವ ಜಾಗವೊಂದಿದೆ. ಹೆಸರು ತೆಗೆದರೆ ಗುಟ್ಟು ಉಳಿಯಿತು ಎಂದುಕೊಳ್ಳುತ್ತಾರೆ. 18 ಮಂದಿ ಇರುವ ತೋಟದಲ್ಲಿ ‘45 ವರ್ಷದ ವಿಧವೆ, ದಿನಾ ಕುಡಿತ’ ಎಂದು ಬರೆದರೆ ಅದು ಯಾರೆಂದು ಮಾಲೀಕರಿಗೆ ಓದಿದ ಕ್ಷಣವೇ ಗೊತ್ತಾಗುತ್ತದೆ. ನಾಲ್ಕೈದು ತೋಟಗಳನ್ನು ಸೇರಿಸಿ, ವಯಸ್ಸನ್ನು ಹತ್ತು ವರ್ಷದ ಗುಂಪು ಮಾಡಿ, ಐದಕ್ಕಿಂತ ಕಡಿಮೆ ಜನರಿರುವ ಕೋಷ್ಟಕದ ಮನೆಯನ್ನು ಪಕ್ಕದ್ದರೊಂದಿಗೆ ಕೂಡಿಸಿ. ಮಾಲೀಕರು ‘ನಮ್ಮ ತೋಟದ್ದು ಮಾತ್ರ ಕೊಡಿ’ ಎಂದು ಕೇಳಿದರೆ ಕೊಡಬೇಡಿ; ಕೊಡಲಾಗದು ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಿಬಿಡಿ. ಯಾರು ಉತ್ತರಿಸಲಿಲ್ಲ ಎಂಬ ಪಟ್ಟಿಯೂ ಅವರ ಕೈಗೆ ಹೋಗಕೂಡದು.

ಇಂಗ್ಲಿಷಿನ ಆತಂಕ ಮಾಪನವೊಂದನ್ನು ಕನ್ನಡಕ್ಕೆ ಮಾಡಿ 60 ಮಂದಿಗೆ ಕೊಟ್ಟೆ. 12 ವಾಕ್ಯ, ಐದು ಆಯ್ಕೆ. ಕ್ರಾನ್‌ಬ್ಯಾಕ್ ಆಲ್ಫಾ (ವಾಕ್ಯಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಬರೀ 0.41. ಎಲ್ಲಿ ತಪ್ಪಿತು?
ಚಿಕ್ಕಮಗಳೂರು

ಮೊದಲು ಅಂಕ ತಿರುಗಿಸಿದ್ದೀರಾ ನೋಡಿ. ‘ನಾನು ನೆಮ್ಮದಿಯಾಗಿದ್ದೇನೆ’ ಎಂಬಂಥ ಉಲ್ಟಾ ವಾಕ್ಯಗಳಿಗೆ, 1ರಿಂದ 5ರ ಮಾಪನದಲ್ಲಿ, ಬಂದ ಅಂಕವನ್ನು 6ರಿಂದ ಕಳೆಯಬೇಕು. ಇದನ್ನು ಮರೆತರೆ ಆಲ್ಫಾ ಕುಸಿಯುತ್ತದೆ, ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಸರಿಪಡಿಸಿದ ಮೇಲೆ 0.7ರ ಆಸುಪಾಸು ಬಂದರೆ ಕಾಯಿಲೆ ಇಷ್ಟೇ.

ಬರದಿದ್ದರೆ ಅನುವಾದ ನೋಡಿ. ‘ನನಗೆ ನಿದ್ದೆ ಬರುವುದಿಲ್ಲ’ ಎಂಬ ವಾಕ್ಯಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವಾಗ ಎರಡು ‘ಇಲ್ಲ’ ಸೇರಿ ಜನ ಗಲಿಬಿಲಿಯಾಗುತ್ತಾರೆ. ನಿದ್ದೆ ಚೆನ್ನಾಗಿ ಬರುವವರೂ ‘ಒಪ್ಪುತ್ತೇನೆ’ ಕಡೆ ಗೀಟು ಹಾಕಿರುತ್ತಾರೆ. ‘ರಾತ್ರಿ ಬಹಳ ಹೊತ್ತು ಎಚ್ಚರವಾಗಿಯೇ ಇರುತ್ತೇನೆ’ ಎಂದು ಬದಲಿಸಿ. ‘ಉದ್ವಿಗ್ನತೆ’ ಪುಸ್ತಕದ ಮಾತು. ನಮ್ಮ ಕಡೆ ಜನ ಹೇಳುವುದು ‘ತಲೆಬಿಸಿ’, ‘ಗಾಬರಿ’, ‘ಟೆನ್ಶನ್’. ಈ ಮೂರೂ ಒಂದೇ ಅರ್ಥದವಲ್ಲ ಎಂಬುದೂ ನೆನಪಿರಲಿ.

ಕ್ರಮವಾಗಿ ಮಾಡುವುದಾದರೆ ಇಬ್ಬರು ಬೇರೆ ಬೇರೆ ಅನುವಾದ ಮಾಡಲಿ, ಕೂತು ಒಂದಾಗಿಸಿ. ಮೂಲ ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತರಲಿ. ಆಮೇಲೆ ಐದಾರು ಮಂದಿಗೆ ಓದಿ ಹೇಳಿ, “ಇದರ ಅರ್ಥ ಏನು ಅಂತ ನಿಮ್ಮ ಮಾತಲ್ಲಿ ಹೇಳಿ” ಎಂದು ಕೇಳಿ. ಈ ಕೊನೆಯ ಹೆಜ್ಜೆಯಲ್ಲಿ ಸಿಗುವಷ್ಟು ತಪ್ಪು ಬೇರೆಲ್ಲೂ ಸಿಗುವುದಿಲ್ಲ, ಬಿಟ್ಟುಬಿಡುವುದೂ ಇದನ್ನೇ. ಇಂಥ ಮಾಪನಗಳಿಗೆ ಹಕ್ಕುದಾರರ ಅನುಮತಿ ಬೇಕಾಗಬಹುದು, ಅದನ್ನೂ ವಿಚಾರಿಸಿ.

24 ವಿದ್ಯಾರ್ಥಿಗಳ ನಿದ್ದೆಯ ಗಂಟೆಗೂ ಅಂಕಕ್ಕೂ ಸಹಸಂಬಂಧ 0.31. ಹೆಚ್ಚು ಮಲಗಿದರೆ ಹೆಚ್ಚು ಅಂಕ ಎನ್ನಬಹುದೆ?
ಬೇಲೂರು

24 ಮಂದಿಗೆ 0.05 ಮಟ್ಟ ದಾಟಲು 0.404 ಬೇಕು. ನಿಮ್ಮ 0.31ರ ವಿಶ್ವಾಸಾಂತರ −0.11ರಿಂದ 0.63ರವರೆಗೆ ಹರಡಿದೆ, ಸಂಬಂಧ ಇಲ್ಲದೆಯೂ ಇರಬಹುದು, ಗಟ್ಟಿಯಾಗಿಯೂ ಇರಬಹುದು. 0.3ರಷ್ಟರ ಸಂಬಂಧ ಇದ್ದರೆ ಅದನ್ನು ನೂರಕ್ಕೆ 80 ಸಲ ಹಿಡಿಯಲು ಸುಮಾರು 85 ಮಂದಿ ಬೇಕು. ಸಂಬಂಧ ಇದೆ ಎಂದಾದರೂ ಕಾರಣ ಇನ್ನೊಂದಿರಬಹುದು: ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿಯುವವರಿಗೆ ನಿದ್ದೆಯೂ ಕಡಿಮೆ, ಓದುವ ಹೊತ್ತೂ ಕಡಿಮೆ. ಒಬ್ಬಿಬ್ಬರ ಅಂಕ ತೀರಾ ದೂರ ನಿಂತಿದ್ದರೆ, ಅಂಕಗಳ ಬದಲು ಸ್ಥಾನಗಳನ್ನು ಹೋಲಿಸುವ ಸ್ಪಿಯರ್‌ಮನ್ ಶ್ರೇಣಿ ಸಹಸಂಬಂಧವನ್ನೂ ಮಾಡಿ ನೋಡಿ. ಆ ವಿಧಾನ ಕೊಟ್ಟ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಲಂಡನ್ನಿನಲ್ಲಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರೇ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು.

ಪ್ರೌಢಶಾಲಾ ಶಿಕ್ಷಕ ನಾನು. ಒಂಬತ್ತನೆಯ ತರಗತಿಗೆ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಗೂಗಲ್ ಫಾರ್ಮಿನಲ್ಲಿ, ಹೆಸರಿಲ್ಲದೆ ತುಂಬಿಸಿ, ಖಿನ್ನತೆ ಎಷ್ಟಿದೆ ತಿಳಿಯಬೇಕೆಂದಿದ್ದೇನೆ.
ಕಡೂರು

ಕಾಳಜಿ ಒಳ್ಳೆಯದೇ. ಆದರೆ ಆ ಪ್ರಶ್ನಾವಳಿಯ ಒಂಬತ್ತನೆಯ ಪ್ರಶ್ನೆ ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಂದು ಮಗು ಅಲ್ಲಿ ‘ಹೆಚ್ಚು ಕಡಿಮೆ ಪ್ರತಿದಿನ’ ಎಂದು ಒತ್ತಿ, ಹೆಸರಿಲ್ಲದ ಕಾರಣ ಅದು ಯಾರೆಂದು ನಿಮಗೆ ಗೊತ್ತಾಗದೆ ಹೋದರೆ? ಮಗು ಹೇಳಿಕೊಂಡಿದೆ, ಕೇಳಿದವರು ಯಾರೂ ಬರಲಿಲ್ಲ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿ ಸುಮ್ಮನಾಗುವುದೇ ತಪ್ಪು.

ಹಾಗಾಗಿ ಎರಡು ದಾರಿ. ಬರೀ ಸರಾಸರಿ ತಿಳಿಯಬೇಕಿದ್ದರೆ ಆ ಪ್ರಶ್ನೆ ಇಲ್ಲದ, ಎಂಟು ಪ್ರಶ್ನೆಗಳ ರೂಪವೇ ಇದೆ, ಅದನ್ನು ಬಳಸಿ. ಒಂಬತ್ತನ್ನೂ ಕೇಳುವುದಾದರೆ ಹೆಸರಿನ ಬದಲು ಸಂಖ್ಯೆ ಕೊಡಿ, ಯಾವ ಸಂಖ್ಯೆ ಯಾರದ್ದೆಂಬ ಪಟ್ಟಿ ಬೀಗದಲ್ಲಿರಲಿ, ಅದನ್ನು ತೆರೆಯುವ ಸಂದರ್ಭ ಯಾವುದೆಂದು ಮಕ್ಕಳಿಗೂ ಪೋಷಕರಿಗೂ ಮೊದಲೇ ಹೇಳಿ. ಉತ್ತರಗಳನ್ನು ಅದೇ ದಿನ ನೋಡಲು ತರಬೇತಿ ಪಡೆದ ಆಪ್ತಸಮಾಲೋಚಕರು ಸಿದ್ಧರಿರಬೇಕು. ಪೋಷಕರ ಸಹಿ ಬೇಕು, ಈ ವಯಸ್ಸಿನ ಮಕ್ಕಳ ಲಿಖಿತ ಸಮ್ಮತಿಯೂ ಬೇಕು. ಪೋಷಕರು ಒಪ್ಪಿ ಮಗು ಒಲ್ಲೆ ಎಂದರೆ ಬಿಡಬೇಕು. ನಿಮ್ಮದೇ ತರಗತಿಯಾದರೆ ಫಾರ್ಮ್ ಕೊಡುವ ಕೆಲಸ ಬೇರೆಯವರು ಮಾಡಲಿ, ಅಂಕ ಹಾಕುವವರ ಎದುರು ಮಕ್ಕಳು ಒಲ್ಲೆ ಎನ್ನುವುದು ಕಷ್ಟ. ಒಟ್ಟು 27ಕ್ಕೆ 10 ಅಥವಾ ಹೆಚ್ಚು ಬಂದರೆ ‘ಖಿನ್ನತೆ ಇದೆ’ ಎಂದು ಬರೆಯಬೇಡಿ, ತಜ್ಞರು ನೋಡಬೇಕು ಎಂಬಷ್ಟೇ ಅದರ ಅರ್ಥ. ಟೆಲಿ ಮನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಈ ಸಂಖ್ಯೆಯನ್ನು ಅಂಕ ಎಷ್ಟೇ ಬರಲಿ, ಫಾರ್ಮಿನ ಕೊನೆಯ ಪುಟದಲ್ಲಿ ಎಲ್ಲ ಮಕ್ಕಳಿಗೂ ಕಾಣುವಂತೆ ಹಾಕಿ.