ಪ್ಲೇಬುಕ್ ಒಂದೇ ಡಿಫೆನ್ಸ್ ಕಟ್ಟುವುದಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕನ್ ಫುಟ್‌ಬಾಲ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ: ನಮ್ಮ ತಂಡ ಹೊಸ ಡಿಫೆನ್ಸಿವ್ ಕೋಆರ್ಡಿನೇಟರ್‌ನನ್ನು (ಎದುರಾಳಿಯನ್ನು ತಡೆಯುವ ಆಟಗಾರರ ಕೋಚ್) ತಂದಿದೆ, ಇನ್ನು ಎಲ್ಲ ಸರಿಹೋಗುತ್ತದಲ್ಲವೇ? ಜನವರಿ ಬಂತೆಂದರೆ ಶುರು. ತಂಡದ ಹೆಸರು ಬೇರೆ, ಪ್ರಶ್ನೆ ಅದೇ. ಈ ಸಲ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಆಟದ ನಿಯಮಗಳನ್ನು ವಿವರಿಸುತ್ತ ಕೂರುವುದಿಲ್ಲ. ಎಲ್ಲರ ಹಿಂದೆ ಕಾಯುವ ಸೇಫ್ಟಿ ಯಾರು, ಅವರ ಮುಂದೆ ನಿಲ್ಲುವ ಲೈನ್‌ಬ್ಯಾಕರ್ ಯಾರು ಎಂದು ಗೊತ್ತಿರುವವರಿಗೆ ಈ ಬರಹ.

ಪ್ರಶ್ನೆ: 2023ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಡಿಫೆನ್ಸ್ ಕಣ್ಣಿಂದ ನೋಡಲಾಗುತ್ತಿರಲಿಲ್ಲ. ಮರುವರ್ಷ ಕೋಆರ್ಡಿನೇಟರ್ ಆಗಿ ವಿಕ್ ಫ್ಯಾಂಜಿಯೋ ಬಂದರು, ಅದೇ ಆಟಗಾರರನ್ನು ಇಟ್ಟುಕೊಂಡು ಎನ್‌ಎಫ್‌ಎಲ್ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಅವರ ಪ್ಲೇಬುಕ್‌ನಲ್ಲಿ (ತಂತ್ರಗಳ ಪುಸ್ತಕದಲ್ಲಿ) ಅಂಥದ್ದೇನಿತ್ತು? (ಪೆನ್ಸಿಲ್ವೇನಿಯಾದ ಓದುಗರು)

ಎರಡು ತಪ್ಪುಗಳನ್ನು ಮೊದಲು ತಿದ್ದುತ್ತೇನೆ. ಒಂದು, ಅದೇ ಆಟಗಾರರಲ್ಲ. ಇನ್ನೊಂದು, ಪ್ಲೇಬುಕ್ ಹೊಸದೂ ಅಲ್ಲ.

ಎರಡನೆಯದನ್ನೇ ಮೊದಲು ತೆಗೆದುಕೊಳ್ಳೋಣ, ಯಾಕೆಂದರೆ ಇದನ್ನು ಯಾರೂ ಗಮನಿಸುವುದಿಲ್ಲ. 2023ರ ಸೀಸನ್‌ನ ಬಹುಪಾಲು ಈಗಲ್ಸ್ ಡಿಫೆನ್ಸ್ ನಡೆಸಿದ್ದು ಶಾನ್ ದೇಸಾಯಿ. ಅವರು ಕಲಿತದ್ದು ಎಲ್ಲಿ? ಶಿಕಾಗೊ ಬೇರ್ಸ್‌ನಲ್ಲಿ, ಇದೇ ಫ್ಯಾಂಜಿಯೋ ಕೈಕೆಳಗೆ. ಇಬ್ಬರು ಸೇಫ್ಟಿಗಳನ್ನು ಹಿಂದೆ ನಿಲ್ಲಿಸುವುದು, ಚೆಂಡು ಸ್ನ್ಯಾಪ್ ಆಗುವವರೆಗೂ (ಆಟಕ್ಕೆ ಬರುವವರೆಗೂ) ಯಾವ ಕವರೇಜ್, ಅಂದರೆ ಯಾರು ಎಲ್ಲಿ ಕಾಯುತ್ತಾರೆ ಎಂದು ಬಿಟ್ಟುಕೊಡದಿರುವುದು, ಬ್ಲಿಟ್ಜ್ ಮಾಡದೆ (ಹೆಚ್ಚುವರಿ ಜನರನ್ನು ನುಗ್ಗಿಸದೆ) ನಾಲ್ವರಿಂದಲೇ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ಒತ್ತಡ ತರುವುದು, ಇವೆಲ್ಲ ದೇಸಾಯಿಗೂ ಗೊತ್ತಿದ್ದ ಪಾಠಗಳೇ. ಶಿಷ್ಯನಿದ್ದ ವರ್ಷ ತಂಡ 17 ಪಂದ್ಯಗಳಲ್ಲಿ 428 ಪಾಯಿಂಟ್ ಬಿಟ್ಟುಕೊಟ್ಟು 32 ತಂಡಗಳಲ್ಲಿ 30ನೇ ಸ್ಥಾನಕ್ಕೆ ಇಳಿಯಿತು. ಗುರು ಬಂದ ವರ್ಷ ಬಿಟ್ಟುಕೊಟ್ಟದ್ದು 303. ಗಜಗಳ ಲೆಕ್ಕದಲ್ಲಿ ಲೀಗ್‌ನಲ್ಲೇ ಮೊದಲ ಸ್ಥಾನ. ಒಂದೇ ಪರಂಪರೆಯ ಪುಸ್ತಕ ಇಟ್ಟುಕೊಂಡು ಫಲ ಇಷ್ಟು ಬೇರೆಯಾಯಿತು ಎಂದರೆ ಉತ್ತರವನ್ನು ಪುಸ್ತಕದ ಹೊರಗೆ ಹುಡುಕಬೇಕು.

ಈಗ ಆಟಗಾರರು. ಸೂಪರ್ ಬೌಲ್‌ನಲ್ಲಿ ಮುಖ್ಯವಾಗಿ ಆಡಿದ ಹನ್ನೊಂದು ಮಂದಿಯಲ್ಲಿ ಐವರು 2023ರಲ್ಲಿ ಆ ತಂಡದಲ್ಲೇ ಇರಲಿಲ್ಲ. ಕ್ವಿನ್ಯಾನ್ ಮಿಚೆಲ್ ಮತ್ತು ಕೂಪರ್ ಡಿಜೀನ್ 2024ರ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರ ಆಯ್ಕೆಯಲ್ಲಿ) 22 ಮತ್ತು 40ನೇ ಆಯ್ಕೆಯಾಗಿ ಬಂದವರು. ಸೇಫ್ಟಿ ಗಾರ್ಡ್ನರ್-ಜಾನ್ಸನ್ ಬೇರೆ ತಂಡದಿಂದ ಮರಳಿ ಬಂದವರು. ಲೈನ್‌ಬ್ಯಾಕರ್‌ಗಳಾದ ಝ್ಯಾಕ್ ಬಾನ್, ಓರೆನ್ ಬರ್ಕ್ಸ್ ಇಬ್ಬರೂ ಹೊಸಬರು. ಜೇಲನ್ ಕಾರ್ಟರ್, ಜೋರ್ಡನ್ ಡೇವಿಸ್ ಥರದ ದೈತ್ಯರು ಮುಂಚೂಣಿಯಲ್ಲಿ ಮೊದಲೇ ಇದ್ದರು. ಇವರನ್ನೆಲ್ಲ ಕೂಡಿಸಿದ್ದು ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್. ಕೋಆರ್ಡಿನೇಟರ್‌ಗೆ ಹಾರ ಹಾಕುವವರು ಈ ಹೆಸರನ್ನೂ ನೆನೆಯಬೇಕು.

ಹಾಗಾದರೆ ಫ್ಯಾಂಜಿಯೋ ಮಾಡಿದ್ದೇನು? ಝ್ಯಾಕ್ ಬಾನ್ ಕಥೆ ನೋಡಿ, ಕೋಆರ್ಡಿನೇಟರ್ ಕೆಲಸವೆಲ್ಲ ಅದರಲ್ಲೇ ಇದೆ. ಬಾನ್ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನಲ್ಲಿ ನಾಲ್ಕು ವರ್ಷ ಇದ್ದರು, ಹೆಚ್ಚಾಗಿ ಸ್ಪೆಷಲ್ ಟೀಮ್ಸ್‌ನಲ್ಲಿ, ಅಂದರೆ ಕಿಕ್‌ಗಳ ಹೊತ್ತಿಗೆ ಇಳಿಯುವ ತಂಡದಲ್ಲಿ. ಕಾಲೇಜಿನಲ್ಲಿ ಅಂಚಿನಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುತ್ತಿದ್ದ ಹುಡುಗ, ಆದ್ದರಿಂದ ಅಂಚಿನವನೇ ಎಂದು ಎಲ್ಲರೂ ಭಾವಿಸಿದ್ದರು. ಈಗಲ್ಸ್ ಅವರನ್ನು ಒಂದು ವರ್ಷಕ್ಕೆ 35 ಲಕ್ಷ ಡಾಲರ್ ಕೊಟ್ಟು ತಂದಿತು. ಈ ಲೀಗ್‌ನಲ್ಲಿ ಅದು ಸಣ್ಣ ಮೊತ್ತ. ಫ್ಯಾಂಜಿಯೋ ಅವರನ್ನು ಅಂಚಿನಿಂದ ತೆಗೆದು ಮಧ್ಯದಲ್ಲಿ, ಲೈನಿನ ಹಿಂದೆ ನಿಲ್ಲಿಸಿದರು. 151 ಟ್ಯಾಕಲ್, ವರ್ಷದ ಶ್ರೇಷ್ಠ ಆಟಗಾರರ ಪಟ್ಟಿಯಾದ ಆಲ್-ಪ್ರೋ ಮೊದಲ ತಂಡದಲ್ಲಿ ಸ್ಥಾನ, ಮರುವರ್ಷ ಮೂರು ವರ್ಷಕ್ಕೆ 5.1 ಕೋಟಿ ಡಾಲರ್ ಒಪ್ಪಂದ. 2023ರಲ್ಲಿ ಎದುರಾಳಿಗಳು ಆಡಿಕೊಂಡದ್ದು ಸರಿಯಾಗಿ ಅದೇ ಜಾಗದಲ್ಲಿ, ಲೈನ್‌ಬ್ಯಾಕರ್‌ಗಳ ಸುತ್ತಮುತ್ತ, ಮೈದಾನದ ನಡುಭಾಗದಲ್ಲಿ. ಒಬ್ಬ ಆಟಗಾರ ಎಲ್ಲಿ ನಿಲ್ಲಬೇಕೆಂದು ಕಂಡುಹಿಡಿಯುವ ಕಣ್ಣು ಹೊಸ ಕೋಆರ್ಡಿನೇಟರ್ ತರುವ ಅತಿ ದೊಡ್ಡ ಆಸ್ತಿ. ಟಿವಿ ಚರ್ಚೆಗಳಲ್ಲಿ ಇದರ ಮಾತೇ ಬರುವುದಿಲ್ಲ.

ಇನ್ನೊಂದು ಕೆಲಸ ಕಲಿಸುವುದು. ಸ್ನ್ಯಾಪ್‌ಗೆ ಮುಂಚೆ ಇಬ್ಬರು ಸೇಫ್ಟಿಗಳು ಪ್ರತಿ ಸಲ ಒಂದೇ ರೀತಿ ನಿಂತಿರುತ್ತಾರೆ. ಚೆಂಡು ಕೈಗೆ ಬಂದ ಮೇಲೆ ಒಬ್ಬ ಕೆಳಗಿಳಿಯುತ್ತಾನೋ, ಇಬ್ಬರೂ ಹಿಂದೆ ಸರಿಯುತ್ತಾರೋ ಎಂದು ಕ್ವಾರ್ಟರ್‌ಬ್ಯಾಕ್ ಓಡುತ್ತಲೇ ಓದಬೇಕು. ಆದರೆ ಈ ಗುಟ್ಟು ನಿಲ್ಲಬೇಕಾದರೆ ಹನ್ನೊಂದು ಜನರೂ ಒಂದೇ ಕ್ಷಣದಲ್ಲಿ ಒಂದೇ ವಿಷಯ ಅರಿತಿರಬೇಕು. ಒಬ್ಬ ಅರ್ಧ ಸೆಕೆಂಡ್ ತಡವಾದರೆ ಎದುರಾಳಿಗೆ ಟಚ್‌ಡೌನ್. ಕೋಆರ್ಡಿನೇಟರ್ ದನಿ ಕೇಳುವುದು ಡಿಫೆನ್ಸ್‌ನ ಒಬ್ಬನಿಗೆ ಮಾತ್ರ, ಹೆಲ್ಮೆಟ್ ಒಳಗಿನ ರೇಡಿಯೊದಲ್ಲಿ. ಸ್ನ್ಯಾಪ್‌ಗೆ ಉಳಿದ ಸಮಯ ತೋರುವ ಪ್ಲೇ ಕ್ಲಾಕ್ 15 ಸೆಕೆಂಡಿಗೆ ಬಂದೊಡನೆ ಅದೂ ಕಡಿದುಹೋಗುತ್ತದೆ. ಆಮೇಲೆ ಎಷ್ಟು ದೊಡ್ಡ ಪಂಡಿತನಾದರೂ ಗೆರೆಯಾಚೆ ನಿಂತು ನೋಡಬೇಕು, ಅಷ್ಟೆ. ಸೀಸನ್ ಪೂರ್ತಿ ಪ್ಯಾಡ್ ಕಟ್ಟಿಕೊಂಡು ಅಭ್ಯಾಸ ಮಾಡಲು ಅನುಮತಿ ಇರುವುದು 14 ದಿನ. ಬೇಸಿಗೆಯಲ್ಲಿ ತಲೆಗೆ ಹತ್ತದ ಪಾಠವನ್ನು ನವೆಂಬರ್‌ನಲ್ಲಿ ಹೇಳಿಕೊಡಲು ಸಮಯವೇ ಇರುವುದಿಲ್ಲ.

ಇದಕ್ಕೇ ನಾನು ಮೊದಲ ನಾಲ್ಕು ಪಂದ್ಯ ನೋಡಿ ಯಾರ ಬಗ್ಗೆಯೂ ಮಾತಾಡುವುದಿಲ್ಲ. 2024ರ ಸೆಪ್ಟೆಂಬರ್ ನೆನಪಿದೆಯೇ? ಅಟ್ಲಾಂಟಾ ಫಾಲ್ಕನ್ಸ್ ಕೊನೆಯ ಎರಡು ನಿಮಿಷದೊಳಗೆ 70 ಗಜ ದಾಟಿ 22-21ರಲ್ಲಿ ಗೆದ್ದರು. ನಾಲ್ಕನೇ ವಾರ ಟ್ಯಾಂಪಾ ಬೇ 33-16ರಿಂದ ಬಡಿಯಿತು. ಆಟ ಹಳೆಯದಾಯಿತು, ಮುದುಕನನ್ನು ಮನೆಗೆ ಕಳಿಸಿ ಎಂದು ನನಗೆ ಬರೆದವರು ಆ ವಾರ ಎಷ್ಟು ಮಂದಿ! ಮುಂದಿನ ವಾರ ಬಿಡುವು ಸಿಕ್ಕಿತು. ಬೇಸಿಗೆಯಲ್ಲಿ ತೊಡೆಯ ಸ್ನಾಯು ನೋವಿನಿಂದ ಹೊರಗುಳಿದಿದ್ದ ಡಿಜೀನ್‌ರನ್ನು ಸ್ಲಾಟ್ ಕಾರ್ನರ್ ಜಾಗಕ್ಕೆ (ಒಳಭಾಗದಲ್ಲಿ ಓಡುವ ರಿಸೀವರ್‌ನನ್ನು ಕಾಯುವ ಜಾಗ) ತಂದರು. ಆಮೇಲೆ ಸತತ ಹತ್ತು ಗೆಲುವು. ಡಿಸೆಂಬರ್ 1ರಂದು ಬಾಲ್ಟಿಮೋರ್‌ನಲ್ಲಿ 110 ಕಿಲೋ ಮೀರಿದ ಡೆರಿಕ್ ಹೆನ್ರಿಯನ್ನು ಸುಮಾರು 90 ಕಿಲೋದ ಈ ಹುಡುಗ ಒಬ್ಬನೇ ಎದುರು ನಿಂತು ಕೆಡವಿದ. ಫ್ಯಾಂಜಿಯೋ ಪದ್ಧತಿಯಲ್ಲಿ ಮುಂಚೂಣಿಯಲ್ಲಿ ಜನ ಕಡಿಮೆ ಇರುವುದರಿಂದ ಹಿಂದಿನವರಿಗೆ ಟ್ಯಾಕಲ್ ಬರದಿದ್ದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಆ ಒಂದು ಟ್ಯಾಕಲ್ ನನಗೆ ಹತ್ತು ಸ್ಯಾಕ್‌ಗಳಿಗಿಂತ (ಚೆಂಡು ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಹೆಚ್ಚು.

ನ್ಯೂ ಆರ್ಲಿಯನ್ಸ್‌ನಲ್ಲಿ 2025ರ ಫೆಬ್ರವರಿ 9ರಂದು ಏನಾಯಿತು ಎಂದು ಎಲ್ಲರಿಗೂ ಗೊತ್ತು. ಮೊದಲರ್ಧದಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ಗಳಿಸಿದ್ದು 23 ಗಜ. ಅವರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆರು ಸಲ ಸ್ಯಾಕ್ ಆದರು. ಲೀಗ್‌ನ ಅಧಿಕೃತ ಟ್ರ್ಯಾಕಿಂಗ್ ಪ್ರಕಾರ ಈಗಲ್ಸ್ ಇಡೀ ಪಂದ್ಯದಲ್ಲಿ ಒಂದು ಬ್ಲಿಟ್ಜ್ ಕೂಡ ಮಾಡಲಿಲ್ಲ. ಸ್ಕೋರು 40-22.

ಒಂದು ಎಚ್ಚರಿಕೆ ಹೇಳಲೇಬೇಕು. ಇದೇ ಫ್ಯಾಂಜಿಯೋ 2023ರಲ್ಲಿ ಮಯಾಮಿ ಡಾಲ್ಫಿನ್ಸ್ ಕೋಆರ್ಡಿನೇಟರ್ ಆಗಿದ್ದರು. ಅಂಚಿನಿಂದ ಒತ್ತಡ ತರಬೇಕಿದ್ದ ಜೇಲನ್ ಫಿಲಿಪ್ಸ್ ನವೆಂಬರ್‌ನಲ್ಲಿ, ಬ್ರ್ಯಾಡ್ಲಿ ಚಬ್ ಡಿಸೆಂಬರ್ 31ರಂದು ಗಾಯಗೊಂಡು ಬಿದ್ದರು. ಆ ಕೊನೆಯ ದಿನ ಬಾಲ್ಟಿಮೋರ್ ಎದುರು ಬಿಟ್ಟುಕೊಟ್ಟದ್ದು 56 ಪಾಯಿಂಟ್. ಒಂದೇ ವರ್ಷಕ್ಕೆ ತಂಡವೂ ಅವರೂ ಬೇರೆಯಾದರು. ಮಯಾಮಿಯಲ್ಲಿ ದಡ್ಡನಾಗಿದ್ದವರು ಎಂಟೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಮಹಾಜ್ಞಾನಿಯಾಗಲಿಲ್ಲ. ನಾಲ್ವರಿಂದಲೇ ಒತ್ತಡ ತರುವ ಜನ ಇದ್ದರೆ ಮಾತ್ರ ಈ ಪದ್ಧತಿ ನಿಲ್ಲುತ್ತದೆ. ನಿಮ್ಮ ತಂಡ ಫ್ಯಾಂಜಿಯೋ ಶಿಷ್ಯನೊಬ್ಬನನ್ನು ಕರೆತಂದಿದ್ದರೆ ಕೋಚ್ ಮುಖ ನೋಡುವ ಮೊದಲು ಡಿಫೆನ್ಸಿವ್ ಲೈನ್‌ನಲ್ಲಿ ಯಾರಿದ್ದಾರೆ ನೋಡಿ.

ಪ್ರಶ್ನೆ: ಭಾರತೀಯ ಮೂಲದ ಶಾನ್ ದೇಸಾಯಿ ಅವರನ್ನು ಸೀಸನ್ ಮಧ್ಯದಲ್ಲೇ ಸರಿಸಿದ್ದು ಸರಿಯೇ? (ಬೆಂಗಳೂರಿನ ಓದುಗರು)

ಸರಿಯಲ್ಲ. ಅವರ ಮೂಲ ಯಾವುದೇ ಇರಲಿ, ನನ್ನ ಉತ್ತರ ಬದಲಾಗುವುದಿಲ್ಲ. ಪ್ಲೇ ಹೇಳುವ ಅಧಿಕಾರ ತಂಡದ ಇನ್ನೊಬ್ಬ ಕೋಚ್ ಮ್ಯಾಟ್ ಪೆಟ್ರಿಷಿಯಾಗೆ ಹೋದಾಗ ತಂಡ 10 ಗೆದ್ದು 3 ಸೋತಿತ್ತು. ಕೊನೆಯ ಎರಡು ಸೋಲು ಕೆಟ್ಟದಾಗಿದ್ದವು, ಒಪ್ಪುತ್ತೇನೆ: 42-19 ಮತ್ತು 33-13. ಆದರೆ ಬದಲಾವಣೆಯ ಬಳಿಕ ಪ್ಲೇಆಫ್ ಸೇರಿ ಆಡಿದ ಐದು ಪಂದ್ಯಗಳಲ್ಲಿ ಗೆದ್ದದ್ದು ಒಂದು. ಡಿಸೆಂಬರ್‌ನಲ್ಲಿ ದನಿ ಬದಲಾದರೆ ಆಟಗಾರನ ತಲೆಯಲ್ಲಿ ಎರಡು ಭಾಷೆ ಒಟ್ಟಿಗೆ ಓಡುತ್ತವೆ. ದೇಸಾಯಿ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಆಡಳಿತದಲ್ಲಿ ಡಾಕ್ಟರೇಟ್ ಪಡೆದವರು, 2021ರಲ್ಲಿ ಬೇರ್ಸ್ ಕೋಆರ್ಡಿನೇಟರ್ ಆಗಿದ್ದವರು. ಅವರ ಕೈಗೆ ಕೊಟ್ಟ ಲೈನ್‌ಬ್ಯಾಕರ್‌ಗಳನ್ನೂ ಮುಂದಿನ ವರ್ಷದವರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವರೊಬ್ಬರನ್ನೇ ದೂರುವುದು ಅನ್ಯಾಯ.

ಪ್ರಶ್ನೆ: ನಮ್ಮ ತಂಡ 4-3ರಿಂದ (ಮುಂಚೂಣಿಯಲ್ಲಿ ನಾಲ್ವರು, ಹಿಂದೆ ಮೂವರು ಲೈನ್‌ಬ್ಯಾಕರ್‌ಗಳು) 3-4ಕ್ಕೆ ಹೋಗುತ್ತಿದೆ. ಇದರಿಂದ ಎಷ್ಟು ಬದಲಾವಣೆ?

ಬಹಳ ಕಡಿಮೆ. ಈಗ ಹೆಚ್ಚಿನ ಸ್ನ್ಯಾಪ್‌ಗಳಲ್ಲಿ ಐವರು ಡಿಫೆನ್ಸಿವ್ ಬ್ಯಾಕ್‌ಗಳೇ (ಪಾಸ್ ತಡೆಯುವ ಹಿಂದಿನ ಸಾಲಿನವರು) ಮೈದಾನದಲ್ಲಿರುತ್ತಾರೆ, ಉಳಿಯುವುದು ಆರೇ ಜನ, 4-3 ಆಗಲಿ 3-4 ಆಗಲಿ ಪೂರ್ತಿ ಕಾಣುವುದಿಲ್ಲ. ಈ ಪ್ರಶ್ನೆಯನ್ನು ಇನ್ನು ಕಳಿಸಬೇಡಿ.

ಪ್ರಶ್ನೆ: ಬ್ಲಿಟ್ಜ್ ಮಾಡದ ಕೋಚ್ ಅಂದರೆ ಹೆದರುಪುಕ್ಕಲ ಎಂದು ಯೂಟ್ಯೂಬ್‌ನಲ್ಲಿ ಒಬ್ಬರು ಹೇಳಿದರು. ನಿಜವೇ?

ಸುಳ್ಳು. ಇಂಥ ಮಾತು ಹರಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ, ಯಾಕೆಂದರೆ ಶಾಲಾ ಹುಡುಗರಿಗೆ ತರಬೇತಿ ಕೊಡುವಾಗ ಇದೇ ಮಾತು ಅವರ ಬಾಯಲ್ಲಿ ಕೇಳುತ್ತೇನೆ. ಕಬಡ್ಡಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ರೈಡರ್ ಬಂದ ಕೂಡಲೇ ಮುನ್ನುಗ್ಗುವವನಿಗೆ ಚಪ್ಪಾಳೆ ಸಿಗುತ್ತದೆ, ಹಿಡಿತ ತಪ್ಪಿದರೆ ಪಕ್ಕದವರನ್ನೂ ಔಟ್ ಮಾಡಿಸುತ್ತಾನೆ; ಕೈಸರಪಳಿ ಬಿಡದೆ, ಅವನೇ ಆಳಕ್ಕೆ ಬರಲಿ ಎಂದು ಕಾಯುವುದಕ್ಕೆ ಇನ್ನೂ ಹೆಚ್ಚಿನ ಧೈರ್ಯ ಬೇಕು. ಹಾಗೆಂದು ಬ್ಲಿಟ್ಜ್ ತಪ್ಪು ಎಂದೂ ಹೇಳುತ್ತಿಲ್ಲ. ಚೀಫ್ಸ್‌ನ ಸ್ಟೀವ್ ಸ್ಪ್ಯಾಗ್ನುವೊಲೊ ಎಲ್ಲೆಲ್ಲಿಂದಲೋ ಬ್ಲಿಟ್ಜ್ ಕಳಿಸುವವರು. 2019ರಲ್ಲಿ ಬಂದ ಮೊದಲ ಸೀಸನ್‌ನಲ್ಲೇ ಸೂಪರ್ ಬೌಲ್ ಗೆದ್ದರು. ಕೈಯಲ್ಲಿರುವ ಆಟಗಾರರು ಯಾವುದಕ್ಕೆ ತಕ್ಕವರು ಎಂಬುದಷ್ಟೇ ಪ್ರಶ್ನೆ.

ಪ್ರಶ್ನೆ: ಕೋಆರ್ಡಿನೇಟರ್ ಮೇಲಿನ ಬೂತ್‌ನಲ್ಲಿ ಕೂತರೆ ಒಳ್ಳೆಯದೋ, ಕೆಳಗೆ ಗೆರೆ ಬಳಿ ನಿಂತರೋ?

ಅವರವರ ಅಭ್ಯಾಸ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಸ್ಟೀವ್ ವಿಲ್ಕ್ಸ್‌ರನ್ನು ಬೂತ್‌ನಿಂದ ಕೆಳಗಿಳಿಸಿತು, ಸೂಪರ್ ಬೌಲ್ ತನಕವೂ ಹೋಯಿತು, ಆದರೂ ಸೀಸನ್ ಮುಗಿದ ಮೇಲೆ ಅವರನ್ನು ತೆಗೆದುಹಾಕಿತು.

ಪ್ರಶ್ನೆ: ಹೊಸ ಕೋಆರ್ಡಿನೇಟರ್ ಬಂದ ತಂಡಗಳ ಮೇಲೆ ಹೇಗೆ ಹಣ ಹಾಕಬೇಕೆಂದು ಒಂದು ಟೆಲಿಗ್ರಾಂ ಗುಂಪು ಶುಲ್ಕ ಪಡೆದು ಹೇಳಿಕೊಡುತ್ತದೆ. ಸೇರಬಹುದೇ? (ಹುಬ್ಬಳ್ಳಿಯ ಓದುಗರು)

ಬೇಡ. ಅವರು ವಂಚಕರು. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಇವತ್ತೇ ಹೊರಬನ್ನಿ.

ಪ್ರಶ್ನೆ: ಹೊಸ ಕೋಆರ್ಡಿನೇಟರ್ ಕೆಲಸ ಮಾಡುತ್ತಿದ್ದಾರೋ ಇಲ್ಲವೋ ಎಂದು ಟಿವಿ ಮುಂದೆ ಕೂತು ತಿಳಿಯುವುದು ಹೇಗೆ?

ಇಂಟರ್‌ಸೆಪ್ಷನ್‌ಗಳನ್ನು (ಎದುರಾಳಿಯ ಪಾಸ್ ಕಸಿದದ್ದನ್ನು) ಎಣಿಸಬೇಡಿ. ಅವುಗಳಲ್ಲಿ ಅದೃಷ್ಟದ ಪಾಲು ದೊಡ್ಡದು, ಒಂದು ತಿಂಗಳು ಸುರಿದು ಮುಂದಿನ ತಿಂಗಳು ನಿಂತುಹೋಗುತ್ತವೆ. ಕ್ಯಾಚ್ ಹಿಡಿದವನು ಹಿಡಿದ ಜಾಗದಲ್ಲೇ ಬೀಳುತ್ತಾನೋ, ಇನ್ನೂ ಹತ್ತು ಗಜ ಓಡುತ್ತಾನೋ ನೋಡಿ. ಸ್ನ್ಯಾಪ್‌ಗೆ ಮುಂಚೆ ಡಿಫೆನ್ಸ್‌ನವರು ಒಬ್ಬರಿಗೊಬ್ಬರು ಕೈ ತೋರಿಸುತ್ತ ಕೂಗಾಡುವುದು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದೆಯೋ ನೋಡಿ. ಮೂರನೇ ಡೌನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದುಕೊಂಡು ಒಂದು ಕ್ಷಣ ತಡೆಯುತ್ತಾನೋ ಅದನ್ನೂ ನೋಡಿ. ಅಕ್ಟೋಬರ್ ಮಧ್ಯ ಕಳೆದ ಮೇಲೆ ಈ ಮೂರನ್ನು ಗಮನಿಸಿ ಬರೆಯಿರಿ, ಆಗ ನಿಮ್ಮ ತಂಡದ ಬಗ್ಗೆ ಮಾತಾಡೋಣ.