ನಾಲ್ಕು ಪುಟದಲ್ಲಿ ಮಗನ ಮಾತು ಎಲ್ಲಿದೆ?

ಜಮಖಂಡಿ ತಾಲೂಕಿನ ಒಬ್ಬ ತಂದೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಮಗನಿಗೆ 16 ವರ್ಷ. ಒಂಬತ್ತನೇ ವಯಸ್ಸಿನಿಂದ ಟೈಪ್ 1 ಮಧುಮೇಹ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಹೋದ ತಿಂಗಳು ಅವನ ಸೂಜಿ ಚೀಲದಲ್ಲಿ ಗುಟ್ಕಾ ಚೀಟಿ ಸಿಕ್ಕಿವೆ. ಜಾತ್ರೆಯಲ್ಲಿ ಗೆಳೆಯರ ಜೊತೆ ಬಿಯರ್ ಕುಡಿದಿದ್ದೂ ಹೊರಬಿದ್ದಿದೆ. "ಗಟ್ಟಿಮುಟ್ಟಾದ ಹುಡುಗರು ದಾರಿ ತಪ್ಪಿದರೆ ಒಂದು ಮಾತು. ಇವನಿಗೆ ಜೀವದ ಹೆದರಿಕೆ ಬೇಡವೇ? ಬಾಯಿ ಕ್ಯಾನ್ಸರ್ ಫೋಟೋ ಹಾಕಿ, ಓದಿದ ಮಕ್ಕಳು ನಡುಗುವಂಥ ಲೇಖನ ಬರೆಯಿರಿ" ಅಂತ ಕೇಳಿದ್ದಾರೆ. ಲಕೋಟೆಯಲ್ಲಿ ಐದು ಫೋಟೋಗಳನ್ನೂ ಇಟ್ಟಿದ್ದಾರೆ.

ಸರ್, ನಿಮ್ಮ ಹೆದರಿಕೆ ಸುಳ್ಳಲ್ಲ. ಅದನ್ನ ಮೊದಲೇ ಒಪ್ಪಿಬಿಡುತ್ತೇನೆ. ತಂಬಾಕು ರಕ್ತನಾಳ ಕೆಡಿಸುತ್ತೆ, ಸಕ್ಕರೆ ಕಾಯಿಲೆಯೂ ಅದೇ ಕೆಲಸ ಮಾಡುತ್ತೆ, ಎರಡೂ ಸೇರಿದರೆ ಕಣ್ಣು, ಕಿಡ್ನಿಗೆ ಡಬಲ್ ಪೆಟ್ಟು. ಬಿಯರ್ ಇನ್ನೂ ಮೋಸದ್ದು. ಲಿವರ್ ಅದನ್ನ ಅರಗಿಸೋದರಲ್ಲಿ ಮುಳುಗಿ ರಕ್ತಕ್ಕೆ ಸಕ್ಕರೆ ಬಿಡೋದನ್ನ ಕಮ್ಮಿ ಮಾಡುತ್ತೆ, ಇತ್ತ ಚುಚ್ಚಿಕೊಂಡ ಇನ್ಸುಲಿನ್ ತನ್ನ ಕೆಲಸ ನಿಲ್ಲಿಸಲ್ಲ. ರಾತ್ರಿ ಮಲಗಿದ ಮೇಲೆ, ಕೆಲವೊಮ್ಮೆ ಮರುದಿನ ಬೆಳಗ್ಗೆ, ಸಕ್ಕರೆ ಧಡಕ್ಕನೆ ಇಳಿದುಬಿಡಬಹುದು. ಹುಡುಗ ತೊದಲುತ್ತಾನೆ, ತೂರಾಡುತ್ತಾನೆ, ಬಾಯಲ್ಲಿ ವಾಸನೆ ಬೇರೆ. ನೋಡಿದವರು 'ಕುಡದಾನ, ಮಲಗ್ಲಿ ಬಿಡು' ಅಂತಾರೆ. ಹಾಗೆ ಬಿಡಬಾರದು. ಎಚ್ಚರ ಇದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಹೊರಳಿಸಿ, 108ಕ್ಕೆ ಫೋನ್ ಮಾಡಿ. ಇದನ್ನ ಅವನ ಗೆಳೆಯರಿಗೂ ಹೇಳಿಕೊಡಿ, ಜಾತ್ರೆಯಲ್ಲಿ ಜೊತೆಗಿದ್ದವರು ಅವರೇ ತಾನೇ.

ಇಷ್ಟು ನಿಮ್ಮ ಪರ. ನಡುಗಿಸುವ ಲೇಖನ ಮಾತ್ರ ನನ್ನಿಂದ ಆಗಲ್ಲ.

ಏಳು ವರ್ಷದಿಂದ ಆ ಹುಡುಗ ಬೇರೆ ಏನು ಕೇಳಿದ್ದಾನೆ ಹೇಳಿ? ಕಣ್ಣು ಹೋಗುತ್ತೆ, ಕಿಡ್ನಿ ಹೋಗುತ್ತೆ, ಕಾಲು ತೆಗೀತಾರೆ. ಮದುವೆ ಮನೆಯ ಪಂಕ್ತಿ ನೆನಪು ಮಾಡಿಕೊಳ್ಳಿ. ಹೋಳಿಗೆ ಬುಟ್ಟಿ ಹತ್ತಿರ ಬರುತ್ತೆ. ಬಡಿಸುವವನು ಬಗ್ಗುವ ಮೊದಲೇ ಆಚೆ ಸಾಲಿನಿಂದ ಒಬ್ಬ ಅತ್ತಿ ಕೂಗುತ್ತಾಳೆ, 'ಅವಂಗ ಹಾಕಬ್ಯಾಡ್ರೀ, ಸಕ್ರಿ ಐತಿ ಅವಂಗ!' ಇಡೀ ಸಾಲು ತಿರುಗಿ ನೋಡುತ್ತೆ. ಹುಡುಗ ಎಲೆ ನೋಡುತ್ತಾ ಕೂರುತ್ತಾನೆ. ಅದೇ ಹುಡುಗ ಬಸ್ ಸ್ಟ್ಯಾಂಡ್ ಹತ್ತಿರದ ಪಾನ್ ಅಂಗಡಿಗೆ ಹೋದರೆ 'ಏನ್ ಹೀರೋ, ಬಾ' ಅಂತಾರೆ. ಅಲ್ಲಿ ಅವನು ಎಲ್ಲರಂಥ ಹುಡುಗ. ಚೀಟಿಯ ರುಚಿಗಿಂತ ಇದೇ ಜಾಸ್ತಿ ಎಳೆಯುತ್ತೆ ಅಂತ ನನ್ನ ಅನುಮಾನ. ಕಾಯಿಲೆ ಇರುವ ಮಕ್ಕಳು ಹೆದರಿ ತಾವಾಗೇ ದೂರ ಇರುತ್ತಾರೆ ಅಂದುಕೊಂಡಿದ್ದೇವೆ ನಾವು. ಹೊರದೇಶದ ಅಧ್ಯಯನಗಳಲ್ಲಿ ಅವರೂ ಉಳಿದ ಮಕ್ಕಳಷ್ಟೇ, ಕೆಲವು ಕಡೆ ಇನ್ನೂ ಜಾಸ್ತಿಯೇ, ಸಿಗರೇಟು ಬಾಟಲಿ ಮುಟ್ಟಿದ್ದು ಕಂಡಿದೆ.

ನಾನು ವಿಜಯಪುರದಲ್ಲಿ ಹೈಸ್ಕೂಲ್ ಓದುವಾಗ (ಆಗಿನ್ನೂ ಬಿಜಾಪುರ) ಹಾಸ್ಟೆಲ್ ರೂಮಿನಲ್ಲಿ ದಮ್ಮಿನ ಕಾಯಿಲೆಯ ಒಬ್ಬ ಹುಡುಗ ಇದ್ದ. ಅವನಿಗೆ ಕಬಡ್ಡಿ ಇಲ್ಲ, ಎನ್‌ಸಿಸಿ ಇಲ್ಲ. ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದಾಗ ಮಾಸ್ತರರು ಮೆಟ್ಟಿಲು ಹತ್ತಲೂ ಬಿಡಲಿಲ್ಲ, ಕೆಳಗೆ ನಮ್ಮ ಚೀಲ ಕಾಯಲು ಕೂರಿಸಿದರು. ರಾತ್ರಿ ಬಾವಿ ಕಟ್ಟೆಯ ಹಿಂದೆ ಕೂತು ಬೀಡಿ ಸೇದುತ್ತಿದ್ದ. ಕೆಮ್ಮುತ್ತಲೇ ಸೇದುತ್ತಿದ್ದ. ನಾನು ಬೈದೆ. 'ಇದೊಂದಕ್ಕ ನನಗ ಯಾರೂ ಬ್ಯಾಡ ಅಂದಿಲ್ಲಪಾ. ಯಾರಿಗೂ ಗೊತ್ತ ಇಲ್ಲಲ್ಲ' ಅಂದ. ಆಗ ನಕ್ಕುಬಿಟ್ಟೆ. ಈಗ ನಗು ಬರಲ್ಲ.

ದೀರ್ಘ ಕಾಯಿಲೆಯ ಮಕ್ಕಳ ಬದುಕು ಹೇಗಿದೆ ಅಂತ ಅಳೆಯಲು ಪೆಡ್ಸ್‌ಕ್ಯೂಎಲ್ ಅನ್ನೋ ಪ್ರಶ್ನೆಪಟ್ಟಿ ಇದೆ. 23 ಪ್ರಶ್ನೆ. ಮೈಗೆ ಸೇರಿದ್ದು ಬರೀ 8. ಉಳಿದ 15 ಹೆದರಿಕೆ, ಬೇಜಾರು, ನಿದ್ದೆ, ಗೆಳೆಯರ ಗೇಲಿ, ತಪ್ಪಿದ ಶಾಲೆ ಇಂಥವು. ಅದರಲ್ಲಿ ಮಗುವಿಗೆ ಒಂದು ಹಾಳೆ, ಅಪ್ಪ ಅಮ್ಮನಿಗೆ ಬೇರೆ ಹಾಳೆ. ಎರಡೂ ಉತ್ತರ ಒಂದಕ್ಕೊಂದು ಹೊಂದದೆ ಇರೋದು ಮಾಮೂಲಿ. ನಿಮ್ಮ ನಾಲ್ಕು ಪುಟ ಎರಡು ಸಲ ಓದಿದೆ, ಸರ್. ಮೂರು ತಿಂಗಳ ಸರಾಸರಿ ಸಕ್ಕರೆ ಐದು ಕಡೆ ಬಂದಿದೆ. ಹತ್ತನೇ ಕ್ಲಾಸಿನ ಮಾರ್ಕ್ಸ್ ಒಂದು ಕಡೆ. ಮಗ ಆಡಿದ ಮಾತು ಒಂದೂ ಇಲ್ಲ. ಚೀಟಿ ಸಿಕ್ಕ ದಿನ ಅವನು ಏನಾದರೂ ಅಂದಿರಬೇಕಲ್ವಾ? ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುವ ಅಪ್ಪಂದಿರು ಅಪರೂಪ, ಅದಕ್ಕೇ ಈ ಕೊರತೆ ಎದ್ದು ಕಂಡಿತು.

ಸಿಟ್ಟು ಬರೋದಾದರೆ ಅಂಗಡಿಯವನ ಮೇಲೆ ಬರಲಿ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ಬಂದ್ ಆಯ್ತು. ಆಗಿದ್ದೇನು? ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಬಾಯಿಗೆ ಹೋದ ಮೇಲೆ ಎರಡೂ ಒಂದೇ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಮಕ್ಕಳಿಗೆ ತಂಬಾಕು, ಹೆಂಡ ಕೊಟ್ಟವನಿಗೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಹಾಗೆ ಒಳಗೆ ಹೋದ ಅಂಗಡಿಯವನನ್ನ ನಾನಂತೂ ನೋಡಿಲ್ಲ. ತಂಬಾಕಿಗೂ ನಮ್ಮ ಸೀಮೆಗೂ ನಂಟು ಹಳೇದು ನೋಡಿ. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರದಲ್ಲೇ ಇದನ್ನ ಕಂಡು ಬಾದಶಹನಿಗೆ ಒಯ್ದು ಕೊಟ್ಟ. ಹಕೀಮ ಬೇಡ ಅಂದ. ಅಕ್ಬರ್ ಒಂದೆರಡು ದಮ್ಮು ಎಳೆದು ಬಿಟ್ಟ, ಸರದಾರರು ಹಿಡಿದುಕೊಂಡರು. 1617ರಲ್ಲಿ ಜಹಾಂಗೀರ್ ನಿಷೇಧವನ್ನೂ ಹೊರಡಿಸಿದ. ಯಾರು ಕೇಳಿದರು? ನಿಪ್ಪಾಣಿಯಲ್ಲಿ ಇವತ್ತಿಗೂ ಎಷ್ಟೋ ಮನೆಯ ಒಲೆ ಬೀಡಿ ಕಟ್ಟಿದ ದುಡ್ಡಿನಲ್ಲಿ ಉರಿಯುತ್ತೆ, ಆ ಹೆಣ್ಣುಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ... ಮಾತು ಎಲ್ಲಿಗೋ ಹೋಯ್ತು.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ನೀವು ಹತ್ತು ನಿಮಿಷ ಹೊರಗೆ ಕೂತುಕೊಳ್ಳಿ. ತಾಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರ ಸ್ನೇಹಾ ಕ್ಲಿನಿಕ್ ಬಗ್ಗೆ ವಿಚಾರಿಸಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ 14416, ತಂಬಾಕು ಬಿಡಲು 1800-11-2356, ಎರಡೂ ಪುಕ್ಕಟೆ. ನಂಬರ್ ಅವನ ಕೈಗೆ ಕೊಡಿ. ನೀವೇ ಡಯಲ್ ಮಾಡಿ ಫೋನ್ ಅವನ ಕಿವಿಗೆ ಹಿಡಿಯಬೇಡಿ.

ನಿಮ್ಮ ಐದು ಫೋಟೋ ವಾಪಸ್ ಕಳಿಸುತ್ತಿದ್ದೇನೆ. ಜೊತೆಗೆ ಸ್ಟಾಂಪ್ ಹಚ್ಚಿದ ಒಂದು ಖಾಲಿ ಲಕೋಟೆ ಇದೆ, ಅದು ನಿಮ್ಮ ಮಗನಿಗೆ. ಏನು ಬೇಕಾದರೂ ಬರೆಯಲಿ, ತಾನೇ ಅಂಟಿಸಲಿ. ನೀವು ಬಿಚ್ಚಿ ನೋಡಬೇಡಿ.